ಸದ್ದಿನ ರಸಮಟ್ಟ

ಕಳೆದ ಮಳೆಗಾಲದ ಒಂದು ರಾತ್ರಿ ಅಕ್ಕನ ಮಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಕೋಣೆಗೆ ಬಂದಳು. ತಾನೇ ರಾಗ ಹಾಕಿದ ಒಂದು ಭಾವಗೀತೆಯನ್ನು ಮನೆಯಲ್ಲೇ ರೆಕಾರ್ಡ್ ಮಾಡಿದ್ದಳು. ಒಟ್ಟು ಐದು ಟ್ರ್ಯಾಕ್. ಅವಳ ದನಿ, ತಂಬೂರ, ಹಾರ್ಮೋನಿಯಂ, ತಬಲಾ, ಮತ್ತು ಧಾರವಾಡದ ಗೆಳತಿಯೊಬ್ಬಳು ತನ್ನ ಮನೆಯಲ್ಲಿ ನುಡಿಸಿ ಕಳಿಸಿದ ಕೊಳಲು. ಎಲ್ಲವನ್ನೂ ಒಟ್ಟಿಗೆ ಕೇಳಿಸಿದಳು. ಹಾರ್ಮೋನಿಯಂ ಕೋಣೆ ತುಂಬಿತು. ತಬಲಾದ ಪೆಟ್ಟು ಆಗಾಗ ಕಿವಿಗೆ ಚುಚ್ಚಿತು. ಅವಳ ದನಿ ಎರಡು ಬಾಗಿಲಾಚೆಯಿಂದ ಬಂದಂತಿತ್ತು. ಕೊಳಲು ಇದ್ದೂ ಇಲ್ಲದಂತಿತ್ತು.

"ಹಾರ್ಮೋನಿಯಂ ತುಂಬಾ ಚೆನ್ನಾಗಿ ಬಂದಿದೆ ಮಾಮ. ಕೊಳಲೇ ಯಾಕೋ ಸಪ್ಪೆ. ತೆಗೆದುಬಿಡೋಣ ಅಂತಿದ್ದೀನಿ" ಎಂದಳು.

"ಈಗಲೇ ತೆಗೀಬೇಡ ಕಣಮ್ಮ. ಮೊದಲು ಐದನ್ನೂ ಒಂದು ಮಟ್ಟಕ್ಕೆ ತರೋಣ. ಆಮೇಲೂ ಸಪ್ಪೆ ಅನ್ನಿಸಿದರೆ ತೆಗಿ" ಎಂದೆ.

ಮನೆ ಕಟ್ಟುವ ಗಾರೆಯವರು ಒಂದು ವರಸೆ ಇಟ್ಟಿಗೆ ಇಟ್ಟ ಕೂಡಲೇ ಅದರ ಮೇಲೆ ರಸಮಟ್ಟ ಇಟ್ಟು ನೋಡುತ್ತಾರೆ. ಗಾಜಿನ ಕೊಳವೆಯೊಳಗಿನ ಗುಳ್ಳೆ ನಡುವೆ ನಿಂತರೆ ಮುಂದಿನ ವರಸೆ. ಇಲ್ಲದಿದ್ದರೆ ಅಲ್ಲೇ ತಿದ್ದುಪಡಿ. ಕೆಳಗಿನ ವರಸೆಯ ಒಂದು ಎಳೆಯಷ್ಟು ಓರೆ ಮೇಲೆ ಹೋಗುತ್ತ ಗೇಣಾಗುತ್ತದೆಂದು ಅವರಿಗೆ ಗೊತ್ತು. ಹಾಡನ್ನು ಮಿಕ್ಸ್ ಮಾಡುವುದೂ ಕಟ್ಟುವ ಕೆಲಸವೇ. ಈಕ್ಯೂ, ಕಂಪ್ರೆಸರ್, ರಿವರ್ಬ್ ಎಂದು ಸದ್ದನ್ನು ತಿದ್ದುವ ಸಲಕರಣೆಗಳನ್ನು ಒಂದರ ಮೇಲೊಂದು ಪೇರಿಸುವ ಮೊದಲು ಪ್ರತಿ ಟ್ರ್ಯಾಕಿನ ಸದ್ದೂ ಒಂದು ಸಮಮಟ್ಟದಲ್ಲಿ ಇರಬೇಕು. ಮನೆಯಲ್ಲಿ ಕುಳಿತು ಹಾಡು ಮಾಡುವವರು ಬಹುಪಾಲು ಈ ಹೆಜ್ಜೆಯನ್ನು ಬಿಟ್ಟೇ ಮುಂದೆ ಹೋಗುತ್ತಾರೆ. ಈ ಅಧ್ಯಾಯವಿರುವುದು ಆ ಒಂದು ಹೆಜ್ಜೆಗಾಗಿ. ಅದು ಯಾಕೆ ಬೇಕೆಂಬುದರ ಉತ್ತರ ನಮ್ಮ ಕಿವಿಯಲ್ಲೇ ಇದೆ.

ಕಿವಿಯ ಲೆಕ್ಕ

ಅಂಗೈಯಲ್ಲಿ 100 ಗ್ರಾಂ ಸಕ್ಕರೆ ಇರುವಾಗ ಇನ್ನು 10 ಗ್ರಾಂ ಸೇರಿಸಿದರೆ ಕೈಗೆ ಗೊತ್ತಾಗುತ್ತದೆ. ಐದು ಕಿಲೋ ಚೀಲಕ್ಕೆ ಅದೇ 10 ಗ್ರಾಂ ಸುರಿದರೆ ಏನೂ ತಿಳಿಯುವುದಿಲ್ಲ. ನಮ್ಮ ಇಂದ್ರಿಯಗಳು ಎಷ್ಟು ಸೇರಿತು ಎಂದು ನೋಡುವುದಿಲ್ಲ, ಇದ್ದದ್ದರ ಎಷ್ಟನೇ ಪಾಲು ಸೇರಿತು ಎಂದು ನೋಡುತ್ತವೆ. ಹತ್ತೊಂಬತ್ತನೇ ಶತಮಾನದ ಜರ್ಮನಿಯಲ್ಲಿ ಅರ್ನ್ಸ್ಟ್ ವೇಬರ್ ಇದನ್ನು ಪ್ರಯೋಗಗಳಿಂದ ಕಂಡುಕೊಂಡ. ಗುಸ್ಟಾವ್ ಫೆಕ್ನರ್ 1860ರಲ್ಲಿ ಅದಕ್ಕೆ ಗಣಿತದ ರೂಪ ಕೊಟ್ಟ.

ಕಿವಿಯೂ ಹೀಗೆಯೇ. ಕೇಳಿಸಿಯೂ ಕೇಳಿಸದಂಥ ಸದ್ದಿನಿಂದ ನೋವು ಕೊಡುವ ಸದ್ದಿನವರೆಗೆ ಶಕ್ತಿಯ ವ್ಯತ್ಯಾಸ ಸುಮಾರು ಒಂದು ಲಕ್ಷ ಕೋಟಿ ಪಟ್ಟು. ಇಷ್ಟು ಸೊನ್ನೆಗಳನ್ನು ಹೊತ್ತುಕೊಂಡು ಯಾರೂ ಕೆಲಸ ಮಾಡಲಾರರು. ಅಮೆರಿಕದ ಟೆಲಿಫೋನ್ ಎಂಜಿನಿಯರುಗಳು ತಂತಿಯಲ್ಲಿ ದನಿ ಎಷ್ಟು ಸೋರಿಹೋಗುತ್ತದೆಂದು ಅಳೆಯಲು 1920ರ ದಶಕದಲ್ಲಿ ಅನುಪಾತದ ಅಳತೆಯೊಂದನ್ನು ಬಳಕೆಗೆ ತಂದರು. ಅಲೆಕ್ಸಾಂಡರ್ ಗ್ರಹಾಂ ಬೆಲ್ ಹೆಸರಿನಲ್ಲಿ ಅದು ಬೆಲ್ ಆಯಿತು. ಅದರ ಹತ್ತನೇ ಒಂದು ಪಾಲು ಡೆಸಿಬಲ್. ಶಕ್ತಿ ಎರಡು ಪಟ್ಟಾದರೆ 3 ಡೆಸಿಬಲ್ ಏರಿಕೆ, ಹತ್ತು ಪಟ್ಟಾದರೆ 10. ಒಂದು ಲಕ್ಷ ಕೋಟಿಯ ಆ ಅಗಾಧ ಅಂತರ 120 ಡೆಸಿಬಲ್‌ಗೆ ಇಳಿದು ಕೈಗೆ ಸಿಗುವಂತಾಯಿತು.

ಹತ್ತು ಜನ ಒಟ್ಟಿಗೆ ಹಾಡಿದಾಗ ಒಬ್ಬರು ಹಾಡಿದ್ದಕ್ಕಿಂತ ಸುಮಾರು 10 ಡೆಸಿಬಲ್ ಹೆಚ್ಚಾಗುತ್ತದೆ. ಕಿವಿ ಅದನ್ನು ಹತ್ತು ಪಟ್ಟು ಎನ್ನುವುದಿಲ್ಲ, ಹೆಚ್ಚುಕಡಿಮೆ ಎರಡು ಪಟ್ಟು ಜೋರು ಎನ್ನುತ್ತದೆ. ಇನ್ನೊಂದು ತುದಿಯಲ್ಲಿ, ಒಂದು ಡೆಸಿಬಲ್‌ನಷ್ಟು ಸಣ್ಣ ಬದಲಾವಣೆಯನ್ನೂ ಶಾಂತ ಕೋಣೆಯಲ್ಲಿ ಅದು ಗುರುತಿಸಬಲ್ಲದು. ತೊಂದರೆ ಹುಟ್ಟುವುದು ಈ ಸೂಕ್ಷ್ಮತೆಯಿಂದಲೇ.

ಜೋರಾದದ್ದೇ ಚೆಂದ ಎಂಬ ಭ್ರಮೆ

ಒಂದೇ ಹಾಡನ್ನು ಎರಡು ಸಲ ಕೇಳಿಸಿ, ಎರಡನೇ ಸಲ ಒಂದೆರಡು ಡೆಸಿಬಲ್ ಮಾತ್ರ ಏರಿಸಿ. ಕೇಳಿದವರು "ಸದ್ದು ಜಾಸ್ತಿಯಾಯಿತು" ಎನ್ನುವುದು ಅಪರೂಪ. "ಎರಡನೆಯದು ಸ್ಪಷ್ಟವಾಗಿದೆ, ತುಂಬಿಕೊಂಡಿದೆ, ಜೀವ ಇದೆ" ಎನ್ನುತ್ತಾರೆ. ವ್ಯತ್ಯಾಸ ಸಣ್ಣದಾಗಿದ್ದಾಗ ಮನಸ್ಸು ಅದನ್ನು ಸದ್ದೆಂದು ಗುರುತಿಸದೆ ಗುಣವೆಂದು ತಿಳಿಯುತ್ತದೆ.

ಇದಕ್ಕೊಂದು ಕಾರಣ 1933ರಲ್ಲಿ ಸಿಕ್ಕಿತು. ಬೆಲ್ ಪ್ರಯೋಗಾಲಯದ ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ ಬೇರೆ ಬೇರೆ ಸ್ಥಾಯಿಯ ಸ್ವರಗಳು ಸಮಾನ ಜೋರಾಗಿ ಕೇಳಬೇಕಾದರೆ ಎಷ್ಟೆಷ್ಟು ಬಲ ಬೇಕೆಂದು ಅಳೆದು ರೇಖೆಗಳನ್ನು ಎಳೆದರು. ಮಂದ್ರದ ಸದ್ದುಗಳಿಗೆ ಕಿವಿ ತುಸು ಕಿವುಡು. ಮೂರು ನಾಲ್ಕು ಸಾವಿರ ಹರ್ಟ್ಸ್ ಸುತ್ತಮುತ್ತ ಅದು ಬಹಳ ಚುರುಕು. ಒಟ್ಟು ಸದ್ದು ಏರಿದಂತೆ ಈ ತಾರತಮ್ಯ ಕಡಿಮೆಯಾಗುತ್ತದೆ. ಹಾಗಾಗಿ ವಾಲ್ಯೂಮ್ ಏರಿಸಿದರೆ ಡಗ್ಗದ ಗುಂಕಾರವೂ ತಂಬೂರದ ಮಂದ್ರ ತಂತಿಯೂ ತಾವಾಗಿ ತುಂಬಿ ಬರುತ್ತವೆ. ನಾವು ಏನನ್ನೂ ಸುಧಾರಿಸದಿದ್ದರೂ ಹಾಡು ಸುಧಾರಿಸಿದಂತೆ ಕೇಳುತ್ತದೆ.

ಈ ಭ್ರಮೆಗೆ ನಾನೇ ಒಂದು ವರ್ಷ ತೆತ್ತಿದ್ದೇನೆ. ದನಿಯ ಟ್ರ್ಯಾಕಿಗೆ, ಜೋರಾದ ಸದ್ದನ್ನು ಒತ್ತಿ ತಗ್ಗಿಸುವ ಒಂದು ಕಂಪ್ರೆಸರ್ ಹಾಕುತ್ತಿದ್ದೆ. ಅದು ತನ್ನಷ್ಟಕ್ಕೆ ಮೂರು ಡೆಸಿಬಲ್ ಏರಿಸಿಕೊಡುತ್ತಿತ್ತು. ಪ್ರತಿ ಸಲವೂ ಹಾಕಿದ ಮೇಲೆ ಚೆಂದ ಅನ್ನಿಸುತ್ತಿತ್ತು. ಒಂದು ದಿನ ಆ ಮೂರು ಡೆಸಿಬಲ್ ಇಳಿಸಿ, ಹಾಕುವ ಮೊದಲು ಮತ್ತು ಹಾಕಿದ ಮೇಲೆ ಒಂದೇ ಮಟ್ಟದಲ್ಲಿ ಹೋಲಿಸಿದೆ. ಗಾಯಕಿ ಸಾಲಿನ ಕೊನೆಯಲ್ಲಿ ದನಿಯನ್ನು ಮೆಲ್ಲಗೆ ಬಿಡುವ ಆ ನಾಜೂಕು ಕಂಪ್ರೆಸರಿನ ಅಡಿಗೆ ಸಿಕ್ಕಿ ಚಪ್ಪಟೆಯಾಗಿತ್ತು. ವರ್ಷವಿಡೀ ಹಾಡಿನ ಪ್ರಾಣವನ್ನು ತೆಗೆಯುತ್ತಿದ್ದದ್ದನ್ನೇ ನಾನು ಪ್ರಾಣ ತುಂಬುತ್ತಿದೆ ಎಂದುಕೊಂಡಿದ್ದೆ. ಅಂದಿನಿಂದ ಮಟ್ಟ ಸರಿ ಮಾಡದೆ ಯಾವ ಎರಡು ಸದ್ದನ್ನೂ ಹೋಲಿಸುವುದಿಲ್ಲ.

ಚಾವಣಿ ಮತ್ತು ನೆಲ

ಕಂಪ್ಯೂಟರಿನಲ್ಲಿ ಸದ್ದಿಗೆ ಒಂದು ಗಟ್ಟಿ ಚಾವಣಿ ಇದೆ. ಅದರ ಹೆಸರು ಸೊನ್ನೆ. ಅದಕ್ಕಿಂತ ಕೆಳಗಿನದೆಲ್ಲ ಮೈನಸ್ ಲೆಕ್ಕ: ಮೈನಸ್ 6, ಮೈನಸ್ 20, ಹೀಗೆ. ಸಿ.ಡಿ. ಗುಣಮಟ್ಟದ ಸದ್ದಿನಲ್ಲಿ ಸೆಕೆಂಡಿಗೆ 44,100 ಸಲ ಅಲೆಯ ಎತ್ತರವನ್ನು ಅಳೆದು ಸಂಖ್ಯೆಯಾಗಿ ಬರೆದಿಡುತ್ತಾರೆ. ಸಂಖ್ಯೆಗೆ ಒಂದು ಗರಿಷ್ಠ ಮಿತಿ ಇದೆ. ಮೈಕಿನಿಂದ ಬಂದ ಅಲೆ ಅದಕ್ಕಿಂತ ಎತ್ತರವಾದರೆ ಅದರ ತಲೆ ಕತ್ತರಿಸಿಹೋಗುತ್ತದೆ. ಇದೇ ಕ್ಲಿಪ್ಪಿಂಗ್. ದುಂಡಗಿನ ಅಲೆಗೆ ಚಪ್ಪಟೆ ನೆತ್ತಿ ಬಂದು ಕರಕರ ಸದ್ದು ಹುಟ್ಟುತ್ತದೆ. ಕಳೆದುಹೋದ ಆ ತಲೆಯನ್ನು ಮರಳಿ ತರಲಾಗುವುದಿಲ್ಲ.

ನೆಲವೂ ಒಂದಿದೆ. ಫ್ಯಾನ್ ನಿಲ್ಲಿಸಿ ಕಿಟಕಿ ಮುಚ್ಚಿದರೂ ನಮ್ಮ ಮನೆಗಳ ಕೋಣೆಯಲ್ಲಿ 30ರಿಂದ 40 ಡೆಸಿಬಲ್ ಸದ್ದು ಇದ್ದೇ ಇರುತ್ತದೆ. ಫ್ರಿಜ್ಜಿನ ಗುಂಯ್, ದೂರದ ಬಸ್ಸು, ಪಕ್ಕದ ಮನೆಯ ಕುಕ್ಕರ್. ರೆಕಾರ್ಡ್ ಮಾಡಿದ್ದು ತೀರ ಸಣ್ಣದಾದರೆ ಆಮೇಲೆ ಅದನ್ನು ಏರಿಸುವಾಗ ಈ ನೆಲವೂ ಜೊತೆಗೇ ಏಳುತ್ತದೆ.

ಹಾಗಾದರೆ ಚಾವಣಿಗೆ ತಾಗುವಷ್ಟು ಜೋರಾಗಿ ರೆಕಾರ್ಡ್ ಮಾಡಬೇಕೇ? ಟೇಪಿನ ಕಾಲದಲ್ಲಿ ಈ ಮಾತಿಗೆ ಅರ್ಥವಿತ್ತು. ಟೇಪಿಗೆ ತನ್ನದೇ ಸುಯ್ಯೆನ್ನುವ ಸದ್ದಿತ್ತು. ಅದನ್ನು ಮುಚ್ಚಲು ಜೋರು ಬೇಕಿತ್ತು, ಮಿತಿ ಮೀರಿದರೂ ಟೇಪು ಮೃದುವಾಗಿ ಬಾಗುತ್ತಿತ್ತು. ಇಂದಿನ ಲೆಕ್ಕ ಬೇರೆ. 16 ಬಿಟ್‌ನಲ್ಲಿ ಅಲೆಯ ಎತ್ತರವನ್ನು ಬರೆಯಲು 65,536 ಮೆಟ್ಟಿಲುಗಳಿವೆ. 24 ಬಿಟ್‌ನಲ್ಲಿ 1,67,77,216. ಒಂದೊಂದು ಬಿಟ್ ಸುಮಾರು 6 ಡೆಸಿಬಲ್ ಕೊಡುತ್ತದೆ, ಅಂದರೆ 24 ಬಿಟ್‌ಗೆ 144. ಚಾವಣಿಯ ಕೆಳಗೆ 18 ಡೆಸಿಬಲ್ ಖಾಲಿ ಬಿಟ್ಟರೆ ಹೋಗುವುದು ಮೂರೇ ಬಿಟ್. ಉಳಿದ 21 ಬಿಟ್‌ಗಳ 126 ಡೆಸಿಬಲ್ ನಮ್ಮ ಯಾವ ಕೋಣೆಗೂ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ಆದ್ದರಿಂದ 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಅತಿ ಜೋರಿನ ಸಾಲಿನಲ್ಲೂ ಮೀಟರಿನ ತುದಿ ಮೈನಸ್ 12ರಿಂದ ಮೈನಸ್ 6ರೊಳಗೆ ನಿಲ್ಲುವಂತೆ, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸಿನ ಗೇನ್ ಇಟ್ಟುಕೊಂಡರೆ ಸಾಕು. ಹಾಡುವವರು ಅಭ್ಯಾಸದಲ್ಲಿ ಹಾಡಿದ್ದಕ್ಕಿಂತ ನಿಜವಾದ ಟೇಕಿನಲ್ಲಿ ಜೋರಾಗಿ ಹಾಡುತ್ತಾರೆ. ಆ ಉತ್ಸಾಹಕ್ಕೆ ಜಾಗ ಬಿಡುವುದು ನಮ್ಮ ಕರ್ತವ್ಯ.

ಶಿಖರವೋ, ಸರಾಸರಿಯೋ?

ಈಗ ನಮ್ಮ ಐದು ಟ್ರ್ಯಾಕುಗಳಿಗೆ ಬರೋಣ. ಪ್ರತಿಯೊಂದನ್ನೂ ಒಂಟಿಯಾಗಿ ಕೇಳುತ್ತ ಎರಡೆರಡು ಸಂಖ್ಯೆ ಬರೆದುಕೊಂಡೆವು. ಒಂದು, ಅಲೆ ಮುಟ್ಟಿದ ಅತಿ ಎತ್ತರ, ಅಂದರೆ ಶಿಖರ. ಇನ್ನೊಂದು, ಸದ್ದಿನ ಸರಾಸರಿ ಮಟ್ಟ. ತಬಲಾದ ಶಿಖರ ಮೈನಸ್ 1, ಸರಾಸರಿ ಮೈನಸ್ 20. ಹಾರ್ಮೋನಿಯಂ ಮೈನಸ್ 7 ಮತ್ತು 17. ದನಿ ಮೈನಸ್ 8 ಮತ್ತು 26. ತಂಬೂರ ಮೈನಸ್ 17 ಮತ್ತು 28. ಕೊಳಲು ಮೈನಸ್ 20 ಮತ್ತು 32.

ಶಿಖರದ ಪಟ್ಟಿಯಲ್ಲಿ ತಬಲಾ ಮೊದಲು. ಆದರೆ ಕಿವಿಗೆ ಎಲ್ಲಕ್ಕಿಂತ ಜೋರಾಗಿ ಕೇಳಿದ್ದು ಹಾರ್ಮೋನಿಯಂ. ಯಾಕೆಂದರೆ ತಬಲಾದ 'ನಾ' ಬೋಲಿನಲ್ಲಿ ಬೆರಳು ಚರ್ಮಕ್ಕೆ ತಾಗುವ ಕ್ಷಣ ಸೆಕೆಂಡಿನ ಕೆಲವೇ ಸಾವಿರದ ಪಾಲು. ಅಲೆ ಚಿಮ್ಮಿ ಕೆಳಗಿಳಿಯುತ್ತದೆ. ಹಾರ್ಮೋನಿಯಮ್ಮಿನ ತಿದಿ ಗಾಳಿ ತುಂಬುತ್ತ ಇರುವಷ್ಟು ಹೊತ್ತೂ ಸದ್ದು ಒಂದೇ ಸಮ. ಕಿವಿ ಆ ಕ್ಷಣದ ಚಿಮ್ಮುವಿಕೆಗಿಂತ ಒಂದಿಷ್ಟು ಹೊತ್ತಿನ ಒಟ್ಟು ಶಕ್ತಿಯನ್ನು ಕೂಡಿಸಿ ಸದ್ದು ಎಷ್ಟೆಂದು ತೀರ್ಮಾನಿಸುತ್ತದೆ.

ಬಾನುಲಿಯವರಿಗೆ ಇದು ಬಹಳ ಹಿಂದೆಯೇ ಅರಿವಾಗಿತ್ತು. ಒಂದೊಂದು ಕಡೆ ಒಂದೊಂದು ಬಗೆಯ ಮೀಟರ್ ಇದ್ದು ಒಬ್ಬರ ಅಳತೆ ಇನ್ನೊಬ್ಬರಿಗೆ ಹೊಂದದ ಕಾಲದಲ್ಲಿ, ಬೆಲ್ ಪ್ರಯೋಗಾಲಯ ಮತ್ತು ಅಮೆರಿಕದ ಎರಡು ಬಾನುಲಿ ಜಾಲಗಳಾದ ಎನ್‌ಬಿಸಿ, ಸಿಬಿಎಸ್ ಸೇರಿ ಒಂದು ಸಾಮಾನ್ಯ ಮೀಟರ್ ರೂಪಿಸಿದವು. 1939ರಲ್ಲಿ ಬಳಕೆಗೆ ಬಂದ ಅದೇ ವಿಯು ಮೀಟರ್. ಅದರ ಮುಳ್ಳು ಬೇಕೆಂದೇ ನಿಧಾನಿ; ತನ್ನ ಜಾಗ ತಲುಪಲು 300 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಕ್ಷಣದ ಪೆಟ್ಟುಗಳನ್ನು ಬಿಟ್ಟು ಕಿವಿಗೆ ಹತ್ತಿರವಾದ ಮಟ್ಟವನ್ನು ತೋರಿಸುವುದು ಅದರ ಉದ್ದೇಶ.

ಇಂದಿನ ಅಳತೆ ಇನ್ನೂ ಒಂದು ಹೆಜ್ಜೆ ಮುಂದಿದೆ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಹೊರತಂದ ಮಾನದಂಡ ಮಂದ್ರದ ಗುಂಯ್‌ಗೆ ಕಡಿಮೆ ತೂಕ, ಕಿವಿ ಚುರುಕಾಗಿರುವ ಮೇಲಿನ ಸ್ಥಾಯಿಗೆ ಹೆಚ್ಚು ತೂಕ ಕೊಟ್ಟು ಸರಾಸರಿ ತೆಗೆಯುತ್ತದೆ. ಆ ಏಕಮಾನವನ್ನು ಸ್ಟುಡಿಯೋಗಳಲ್ಲಿ 'ಲಫ್ಸ್' ಎನ್ನುತ್ತಾರೆ. ಮುಂದೆ ಇದಕ್ಕೆ ಇನ್ನೊಂದು ಜಾಣ್ಮೆ ಸೇರಿತು. ಗಾಯಕಿ ಸುಮ್ಮನಿರುವ ಹೊತ್ತನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗೆ ಬಿಡದಿದ್ದರೆ ಪಲ್ಲವಿ ಚರಣಗಳ ನಡುವಿನ ಮೌನವೆಲ್ಲ ಸೇರಿ ದನಿ ಇರುವುದಕ್ಕಿಂತ ಸಣ್ಣದೆಂದು ಲೆಕ್ಕ ಬರುತ್ತದೆ. ಯುರೋಪಿನ ಟಿ.ವಿ. ವಾಹಿನಿಗಳು 2010ರಲ್ಲಿ ಮೈನಸ್ 23 ಲಫ್ಸ್ ಎಂಬ ಗುರಿಯನ್ನು ಒಪ್ಪಿಕೊಂಡವು. ಇಂದು ಮನೆಯ ಸಾಫ್ಟ್‌ವೇರ್‌ಗಳಿಗೂ ಈ ಮೀಟರ್ ಉಚಿತವಾಗಿ ಸಿಗುತ್ತದೆ.

ಶಿಖರವನ್ನು ನಂಬಿದರೆ ಏನಾಗುತ್ತದೆಂದು ಅಕ್ಕನ ಮಗಳಿಗೆ ಮಾಡಿಯೇ ತೋರಿಸಿದೆ. ಬಹುತೇಕ ಸಾಫ್ಟ್‌ವೇರ್‌ಗಳಲ್ಲಿ 'ನಾರ್ಮಲೈಸ್' ಎಂಬ ಗುಂಡಿ ಇರುತ್ತದೆ. ಒತ್ತಿದರೆ ಎಲ್ಲ ಟ್ರ್ಯಾಕಿನ ಶಿಖರವೂ ಒಂದೇ ಎತ್ತರಕ್ಕೆ ಬರುತ್ತದೆ. ಎಲ್ಲವನ್ನೂ ಮೈನಸ್ 1ಕ್ಕೆ ತಂದೆವು. ಸರಾಸರಿ ನೋಡಿದರೆ ಹಾರ್ಮೋನಿಯಂ ಮೈನಸ್ 11ರಲ್ಲಿ, ತಂಬೂರ ಮೈನಸ್ 12ರಲ್ಲಿ, ದನಿ ಮೈನಸ್ 19ರಲ್ಲಿ. ಶ್ರುತಿಗೆಂದು ಹಿಂದೆ ಕೂರಬೇಕಾದ ತಂಬೂರ ಹಾಡುಗಾರ್ತಿಗಿಂತ 7 ಡೆಸಿಬಲ್ ಮೇಲೆ ಹೋಗಿ ಕುಳಿತಿತ್ತು. ಸಾಲದ್ದಕ್ಕೆ ದನಿಯ ಶಿಖರವೆಂದು ಮೀಟರ್ ಹಿಡಿದದ್ದು ಅವಳ ಹಾಡಿನದ್ದಾಗಿರಲಿಲ್ಲ. ಎರಡನೇ ಚರಣಕ್ಕೆ ಮುಂಚೆ ಅವಳ ಕಾಲು ಮೈಕ್ ಸ್ಟ್ಯಾಂಡಿಗೆ ತಾಗಿದ 'ಧಪ್' ಅದು.

ಐದು ಟ್ರ್ಯಾಕಿಗೆ ಒಂದು ನೆಲಗಟ್ಟು

ಎಲ್ಲವನ್ನೂ ಮೊದಲಿದ್ದಂತೆ ಇಟ್ಟು ಸರಿಯಾಗಿ ಶುರುಮಾಡಿದೆವು. ಮೊದಲು ಕಸ ಗುಡಿಸಿದೆವು. ಆ ಧಪ್ ಸದ್ದನ್ನೂ ಹಾಡು ಶುರುವಾಗುವ ಮುಂಚಿನ ಕೆಮ್ಮನ್ನೂ ಕತ್ತರಿಸಿದೆವು. ದನಿಯ ಟ್ರ್ಯಾಕಿನಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನ ಗುಡುಗುಡು ತೆಗೆದೆವು. ಹೆಣ್ಣು ದನಿಗೆ ಅಲ್ಲಿ ಕೆಲಸವಿಲ್ಲ, ಮೀಟರನ್ನು ಮಾತ್ರ ಅದು ಹಾದಿ ತಪ್ಪಿಸುತ್ತದೆ.

ಆಮೇಲೆ ಎಲ್ಲಕ್ಕೂ ಸರಾಸರಿ ಮೈನಸ್ 24 ಎಂಬ ಗುರಿ ಇಟ್ಟೆವು. ಹಾರ್ಮೋನಿಯಂ 7 ಇಳಿಯಿತು. ತಬಲಾ 4 ಇಳಿಯಿತು. ದನಿ 2 ಏರಿತು. ತಂಬೂರ 4, ಕೊಳಲು 8 ಏರಿದವು. ಏರಿಸಿದ ಮೇಲೆ ಕೊಳಲಿನ ಹಿಂದೆ ಧಾರವಾಡದ ಫ್ಯಾನ್ ಕೇಳಿತು. ಊದದೆ ಇದ್ದ ಜಾಗಗಳನ್ನು ಮೃದುವಾಗಿ ಕತ್ತರಿಸಿ ಅದನ್ನು ಅಡಗಿಸಿದೆವು. ತಬಲಾದ ಶಿಖರ ಈಗ ಮೈನಸ್ 5, ಧಪ್ ಹೋದ ಮೇಲೆ ದನಿಯದು ಮೈನಸ್ 6ಕ್ಕಿಂತಲೂ ಕೆಳಗೆ. ಚಾವಣಿಗೆ ಯಾವುದೂ ತಾಗುವುದಿಲ್ಲ.

ಮೈನಸ್ 24 ಎಂಬುದು ಶಾಸನವೇನೂ ಅಲ್ಲ. ತಬಲಾ, ಮೃದಂಗದಂಥ ಚಿಮ್ಮುವ ವಾದ್ಯಗಳಿರುವ ಹಾಡಿಗೆ ತುಸು ತಗ್ಗಿನ ಗುರಿ ಬೇಕು. ಬರೀ ಕೀಬೋರ್ಡ್, ಗಿಟಾರ್ ಇದ್ದರೆ ಮೈನಸ್ 18 ಆದರೂ ನಡೆಯುತ್ತದೆ. ಹಳೆಯ ಉಪಕರಣಗಳನ್ನು ಅನುಕರಿಸುವ ಪ್ಲಗಿನ್‌ಗಳಲ್ಲಿ ಹಲವು ಆ ಮೈನಸ್ 18ರ ಆಸುಪಾಸಿನ ಸದ್ದನ್ನು ನಿರೀಕ್ಷಿಸುತ್ತವೆ. ಮುಖ್ಯವಾದದ್ದು ಎಲ್ಲ ಟ್ರ್ಯಾಕಿಗೂ ಒಂದೇ ಗುರಿ ಇರುವುದು, ಮತ್ತು ಟ್ರ್ಯಾಕುಗಳು ಕೂಡಿದಾಗ ಮೇಲೆ ಜಾಗ ಉಳಿದಿರುವುದು. ಸಮಮಟ್ಟದ ಐದು ಬೇರೆ ಬೇರೆ ಸದ್ದು ಕೂಡಿದರೆ ಸುಮಾರು 7 ಡೆಸಿಬಲ್ ಏರುತ್ತದೆ, ಹತ್ತು ಕೂಡಿದರೆ 10, ಹದಿನಾರು ಕೂಡಿದರೆ 12. ನಮ್ಮ ಐದು ಸೇರಿ ಮೈನಸ್ 17ರ ಬಳಿ ನಿಂತವು. ಈಗಿನ ಸಾಫ್ಟ್‌ವೇರ್ ಒಳಗಿನ ಲೆಕ್ಕದಲ್ಲಿ ಸೊನ್ನೆ ದಾಟಿದರೂ ಸದ್ದು ಕೆಡುವುದಿಲ್ಲ ಎಂಬುದು ನಿಜ. ಆದರೆ ಮೈಕಿನಿಂದ ಒಳಬರುವ ಬಾಗಿಲಲ್ಲೂ ಕೊನೆಗೆ ಫೈಲ್ ಹೊರಹೋಗುವ ಬಾಗಿಲಲ್ಲೂ ಚಾವಣಿ ಹಾಗೇ ಇದೆ.

ಇಷ್ಟನ್ನೂ ನಾವು ಟ್ರ್ಯಾಕಿನ ಸದ್ದನ್ನು ಮೇಲೆ ಕೆಳಗೆ ಸರಿಸುವ ಫೇಡರ್ ಮುಟ್ಟದೆ, ರೆಕಾರ್ಡಾದ ತುಣುಕಿನದೇ ಮಟ್ಟ ಬದಲಿಸುವ ಕ್ಲಿಪ್ ಗೇನ್‌ನಲ್ಲೇ ಮಾಡಿದೆವು. ಇದಕ್ಕೆ ಎರಡು ಕಾರಣ. ಫೇಡರಿನ ಗೆರೆಗಳನ್ನು ಹತ್ತಿರದಿಂದ ನೋಡಿ. ಸೊನ್ನೆಯ ಸುತ್ತ ಅವು ವಿರಳ. ಒಂದು ಮಿಲಿಮೀಟರ್ ಸರಿಸಿದರೆ ಡೆಸಿಬಲ್‌ನ ಒಂದು ಚೂರು. ತಳದ ಕಡೆ ಅವು ಒತ್ತೊತ್ತಾಗಿವೆ. ಅದೇ ಮಿಲಿಮೀಟರಿಗೆ ಹಲವು ಡೆಸಿಬಲ್ ಜಾರುತ್ತದೆ. ಫೇಡರ್ ಸೊನ್ನೆಯ ಬಳಿ ಇದ್ದರೆ ಮಾತ್ರ ಬೆರಳಿಗೆ ನಾಜೂಕು ಸಿಗುತ್ತದೆ. ಎರಡನೆಯದು, ಕಂಪ್ರೆಸರಿನ ಹೊಸ್ತಿಲು. 'ಮೈನಸ್ 20 ದಾಟಿದರೆ ಒತ್ತು' ಎಂದು ಅದಕ್ಕೆ ಹೇಳಿರುತ್ತೇವೆ. ಸಾಮಾನ್ಯವಾಗಿ ಫೇಡರ್ ಇರುವುದು ಕಂಪ್ರೆಸರ್ ದಾಟಿದ ಮೇಲೆ. ಹಾಗಾಗಿ ಒಳಗೆ ಬರುವ ಸದ್ದು ತಗ್ಗಿದ್ದರೆ ಹೊಸ್ತಿಲನ್ನು ಮುಟ್ಟುವುದೇ ಇಲ್ಲ, ಹೆಚ್ಚಿದ್ದರೆ ಸದಾ ಅದರ ಮೇಲೆಯೇ. ಬಾಗಿಲಿಗೆ ಬರುವ ಮುಂಚೆಯೇ ಮಟ್ಟ ಸರಿಯಿದ್ದರೆ ಒಂದು ಹಾಡಿನಲ್ಲಿ ಕಲಿತದ್ದು ಇನ್ನೊಂದಕ್ಕೂ ಬರುತ್ತದೆ.

ಉಳಿದದ್ದು ಕೇಳುವ ಮಟ್ಟ. ಟ್ರ್ಯಾಕುಗಳನ್ನು ಸರಿ ಮಾಡಿ ಸ್ಪೀಕರಿನ ವಾಲ್ಯೂಮನ್ನು ಗಳಿಗೆಗೊಮ್ಮೆ ತಿರುಗಿಸಿದರೆ ಫ್ಲೆಚರ್, ಮನ್ಸನ್ ಎಳೆದ ರೇಖೆಗಳು ಮತ್ತೆ ನಮ್ಮನ್ನು ಆಡಿಸುತ್ತವೆ. ಆರಾಮಾಗಿ ಮಾತಾಡುವುದಕ್ಕಿಂತ ಸ್ವಲ್ಪ ಜೋರು, ಸುಮಾರು 75 ಡೆಸಿಬಲ್, ಮನೆಯ ಕೋಣೆಗೆ ಸಾಕು. ಗುಂಡಿ ಎಲ್ಲಿ ನಿಂತಿತೋ ಅಲ್ಲಿ ಪೆನ್ನಿನಲ್ಲಿ ಒಂದು ಚುಕ್ಕೆ ಇಡಿ. ಪ್ರತಿದಿನ ಅಲ್ಲಿಂದಲೇ ಶುರುಮಾಡಿ. ಇದರಲ್ಲಿ ಕಿವಿಯ ಆರೋಗ್ಯವೂ ಇದೆ. 85 ಡೆಸಿಬಲ್‌ನಲ್ಲಿ ದಿನಕ್ಕೆ ಎಂಟು ಗಂಟೆಯೇ ಮಿತಿ, ಮುಂದೆ ಪ್ರತಿ 3 ಡೆಸಿಬಲ್‌ಗೂ ಆ ಅವಧಿ ಅರ್ಧವಾಗುತ್ತದೆ ಎಂಬುದು ವೃತ್ತಿ ಆರೋಗ್ಯ ತಜ್ಞರ ಲೆಕ್ಕ. ಮುಪ್ಪಿನವರೆಗೂ ಬೇಕಾದ ಕಿವಿಯನ್ನು ಒಂದು ಹಾಡಿಗಾಗಿ ಸವೆಸಬಾರದು.

ಮಟ್ಟವಾದ ಮೇಲೆ

ಎಲ್ಲವನ್ನೂ ಸಮ ಮಾಡಿದರೆ ಹಾಡು ಮುಗಿಯಿತೆಂದಲ್ಲ. ಕಚೇರಿಯಲ್ಲಿ ಪಕ್ಕವಾದ್ಯ ಪಕ್ಕದಲ್ಲೇ ಇರಬೇಕು, ತಂಬೂರ ಹಿಂದೆ ಉಸಿರಿನಂತೆ ಇರಬೇಕು, ದನಿ ಮುಂದೆ ಬರಬೇಕು. ಯಾರು ಎಲ್ಲಿ ಎಂಬುದು ಹಾಡಿನ ಭಾವಕ್ಕೆ ಬಿಟ್ಟದ್ದು; ಯಾವ ಮೀಟರೂ ಅದನ್ನು ಹೇಳಲಾರದು. ಮಟ್ಟ ಮಾಡಿದ್ದರಿಂದ ಸಿಗುವುದು ನ್ಯಾಯವಾದ ಒಂದು ಕೇಳ್ಮೆ. ಪ್ರತಿ ವಾದ್ಯವೂ ತನ್ನ ಜೋರಿನಿಂದಲ್ಲದೆ ತನ್ನ ಗುಣದಿಂದ ನಮ್ಮ ಮುಂದೆ ನಿಲ್ಲುತ್ತದೆ.

ಆ ರಾತ್ರಿ ಐದೂ ಟ್ರ್ಯಾಕನ್ನು ಮತ್ತೆ ಮೊದಲಿನಿಂದ ಹಾಕಿದೆವು. ಹಾರ್ಮೋನಿಯಂ ಮತ್ತು ಕೊಳಲಿನ ನಡುವೆ ಮೊದಲಿದ್ದ ಅಂತರ 15 ಡೆಸಿಬಲ್, ಶಕ್ತಿಯಲ್ಲಿ ಮೂವತ್ತು ಪಟ್ಟಿಗೂ ಮೇಲೆ. ಅದು ಈಗ ಇರಲಿಲ್ಲ. ಮೊದಲ ಚರಣದ ಕೊನೆಯಲ್ಲಿ ಅವಳು ಎಳೆದು ಬಿಟ್ಟ ಸ್ವರವನ್ನು ಕೊಳಲು ಅಲ್ಲೇ ಹಿಡಿದು, ಸಣ್ಣದೊಂದು ಗಮಕದಲ್ಲಿ ತೂಗಿ, ಅವಳ ಮುಂದಿನ ಸಾಲಿಗೆ ತಂದು ಕೊಟ್ಟಿತು. ಧಾರವಾಡದ ಆ ಗೆಳತಿ ಅವಳ ಹಾಡನ್ನು ಎಷ್ಟು ಗಮನವಿಟ್ಟು ಕೇಳಿ ನುಡಿಸಿದ್ದಳೆಂದು ಆಗ ತಿಳಿಯಿತು. ಹಾರ್ಮೋನಿಯಂ ಮಾತ್ರ ಪ್ರತಿ ಸಾಲಿಗೂ ಅದೇ ಪಟ್ಟು ಹಿಡಿದು ನಡೆಯುತ್ತಿತ್ತು.

ಅಕ್ಕನ ಮಗಳು ಆ ಸಾಲನ್ನು ಮೂರು ಸಲ ಹಿಂದಕ್ಕೆ ಎಳೆದು ಕೇಳಿದಳು. ನಾನು ಏನೂ ಹೇಳಲಿಲ್ಲ. ಅವಳೇ ಹಾರ್ಮೋನಿಯಮ್ಮಿನ ಫೇಡರನ್ನು ಮೆಲ್ಲಗೆ 5 ಡೆಸಿಬಲ್ ಇಳಿಸಿದಳು. ಕೊಳಲಿನ ಫೇಡರ್ ಸೊನ್ನೆಯಲ್ಲೇ ಇತ್ತು.